ಅರವತ್ತನೇ ಸೆಕೆಂಡಿಗೆ ಬಿದ್ದ ಹೆಸರು

ಕಂತು ೭

"ಕೂಗದೆ ಇರೋ ಸೀಟಿ ಇದ್ರೆ ಕೊಡಿ ಭಾಯ್. ಇದು ಸಿಕ್ಕಾಪಟ್ಟೆ ಕೂಗ್ತೈತೆ. ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಾಕ್ ಬಿಡಲ್ಲ."

ಹಲಸೂರಿನ ಬಾಲಮ್ಮ ಕುಕ್ಕರನ್ನು ಗಲ್ಲಾದ ಮೇಲೆ ಕುಕ್ಕಿದ ರಭಸಕ್ಕೆ ಶಿವಾಜಿನಗರದ ಅರ್ಧ ಪಾರಿವಾಳಗಳು ಹಾರಿಹೋದವು. ಉಳಿದರ್ಧಕ್ಕೆ ಅಭ್ಯಾಸವಾಗಿತ್ತು.

ಅಹ್ಮದ್ ಪಾಷಾ ಸಾಹೇಬರು ಕನ್ನಡಕವನ್ನು ಹಣೆಗೇರಿಸಿದರು. "ಕೂಗದ ಸೀಟಿ ಹಾಕಿದ್ರೆ ಕುಕ್ಕರ್ ಕೂಗಲ್ಲ ಅಮ್ಮಾ. ಕರೆಕ್ಟ್. ಆಮೇಲೆ ನೀವು ಕೂಗ್ತೀರ."

ಆಕೆಯ ಬೆನ್ನ ಹಿಂದೆ, ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಸುಗತ ನಿಂತಿದ್ದ. ಪಾಷಾರ ಕುಕ್ಕರ್ ರಿಪೇರಿ ಅಂಗಡಿಯಿದ್ದ ಆ ಸಂದಿ ಎಷ್ಟು ಕಿರಿದೆಂದರೆ ಎದುರುಬದುರಾದ ಎರಡು ಇರುವೆಗಳಲ್ಲಿ ಒಂದು ರಿವರ್ಸ್ ಹೋಗಬೇಕು. ಅಂಗಡಿ ಅದಕ್ಕಿಂತ ಕಿರಿದು. ಆದರೂ ಭೂಮಂಡಲದ ಒಟ್ಟು ಕುಕ್ಕರುಗಳಿಗಿಂತ ಹದಿನಾಲ್ಕು ಹೆಚ್ಚು ಗ್ಯಾಸ್ಕೆಟ್‌ಗಳು ಅಲ್ಲಿ ನೇತಾಡುತ್ತಿದ್ದವು. ಅನುಮಾನವಿದ್ದವರು ಹೋಗಿ ಎಣಿಸಿಕೊಳ್ಳಬಹುದು.

ಸುಗತ ಸಾಮಾನ್ಯನಲ್ಲ. ಇಂದಿರಾನಗರದ 'ಮೇಲ್ಗಾಲಿ' ಕಂಪನಿಯಲ್ಲಿ ಅವನ ಹೆಜ್ಜೆ ಸಪ್ಪಳ ಕೇಳಿದರೆ ಸರ್ವರುಗಳು ತಾವಾಗಿಯೇ ತಪ್ಪೊಪ್ಪಿಕೊಳ್ಳುತ್ತವೆ ಎಂಬ ಮಾತಿತ್ತು. ಊರಿನ ಯಾವ ಲಿಫ್ಟಿನಲ್ಲಿ ಯಾರು ಅಲಾರಂ ಒತ್ತಿದರೂ ಅದು ಆ ಕಂಪನಿಯ ಡ್ಯೂಟಿ ಫೋನಿನಲ್ಲಿ ಕೂಗಬೇಕು. ಅವತ್ತು ಸರದಿಯಲ್ಲಿ ಯಾರ ಹೆಸರಿದೆಯೋ ಆ ಇಂಜಿನಿಯರ್ 'ನೋಡಿದೆ' ಎಂದು ಗುರುತು ಹಾಕಿ, ತಕ್ಷಣ ಗಾರ್ಡಿಗೆ ಫೋನ್ ಮಾಡಬೇಕು. ಆ ಗುರುತಿಗೆ ಅವರ ಬಾಯಲ್ಲಿ 'ಅಕ್' ಎಂದು ಹೆಸರು. ಎಲ್ಲಾದರೂ ಎಡವಟ್ಟಾದರೆ ಮೂಲ ಹುಡುಕುವವನು ಸುಗತ. ಹನ್ನೊಂದು ವರ್ಷ, ಒಂದು ಕೇಸೂ ಸೋತವನಲ್ಲ.

ಅಂಥವನು ಈಗ ಬಾಲಮ್ಮನ ಸೆರಗಿನ ಹಿಂದೆ ಅವಿತುಕೊಂಡಂತೆ ನಿಂತಿದ್ದ.

ಹೋದ ಶುಕ್ರವಾರ ಕೆ.ಆರ್. ಪುರದ 'ಮುನಿಆಂಜನಪ್ಪ ಹೈಟ್ಸ್' ಲಿಫ್ಟಿನಲ್ಲಿ ಎಪ್ಪತ್ತೆರಡರ ಅಕ್ಕಯಮ್ಮ ನಲವತ್ತೇಳು ನಿಮಿಷ ಸಿಕ್ಕಿಬಿದ್ದಿದ್ದರು. ಆಕೆಯ ಅಲಾರಂಗೆ ಅಕ್ ಹಾಕಿ ಸುಮ್ಮನೆ ಕೂತವನು ರಿಜ್ವಾನ್ ಎಂದು ಸುಗತ ಸೋಮವಾರ ನಲವತ್ತು ಜನರ ಮುಂದೆ ಪರದೆಯ ಮೇಲೆ ತೋರಿಸಿದ್ದ. ಇವತ್ತು ಗುರುವಾರ, ಸಂಜೆ ಐದಕ್ಕೆ ರಿಜ್ವಾನ್‌ನ ಕೈಗೆ ಕೆಲಸದಿಂದ ತೆಗೆದ ಪತ್ರ.

ಈಗ ನಾಲ್ಕು ಇಪ್ಪತ್ತು.

"ನಿಮಗೇನು ಸಾರ್? ಸೀಟಿಯಾ, ಹಿಡಿಯಾ?"

"ರಿಜ್ವಾನ್ ಇದಾರಾ? ನಾನು ಅವರ ಆಫೀಸಿಂದ."

ಪಾಷಾ ಸಾಹೇಬರ ಮುಖ ಅರಳಿತು. ಅದನ್ನು ನೋಡುವ ಬದಲು ಸುಗತ ರಸೆಲ್ ಮಾರ್ಕೆಟ್ಟಿನ ಮೀನಿನ ಬುಟ್ಟಿಯೊಳಗೆ ತಲೆ ಹುದುಗಿಸಲೂ ಸಿದ್ಧನಿದ್ದ.

"ಅರೆ! ಬನ್ನಿ ಸಾರ್, ಬನ್ನಿ! ಮೂರು ದಿನದಿಂದ ರಜಾ ಅಂತ ಮನೇಲಿ ಬಿದ್ಕೊಂಡವ್ನೆ. ಅಕ್ಕನ ಮದ್ವೆಗೇ ಅರ್ಧ ದಿನ ರಜಾ ಹಾಕಿದ್ದೋನು! ನೀವೇ ಕರ್ಕೊಂಡ್ ಹೋಗಕ್ ಬಂದ್ರಲ್ಲ, ಒಳ್ಳೇದಾಯ್ತು." ಅವರು ಬಾಲಮ್ಮನ ಕಡೆ ತಿರುಗಿದರು. "ನೋಡಮ್ಮಾ, ನನ್ನ ಮಗನ ಸಾಹೇಬ್ರು. ಬೆಂಗಳೂರಲ್ಲಿ ಲಿಫ್ಟ್ ಎಲ್ಲಿ ನಿಂತ್ರೂ ನನ್ನ ಮಗನ ಫೋನಿಗೇ ಬರೋದು!"

ರಜಾ. ಮನೆಯಲ್ಲಿ ಹೇಳಿಯೇ ಇಲ್ಲ.

"ಅಜೀ, ಕೌನ್ ಆಯೆ?" ಯಾರು ಬಂದದ್ದೆಂದು ಮಹಡಿಯ ಕಿಟಕಿಯಿಂದ ಮನೆಯೊಡತಿ ಉಮ್ಮೆ ಕುಲ್ಸುಂ ಅವರ ದನಿ.

"ರಿಜ್ವಾನ್ ಕೇ ಸಾಬ್! ಚಾ ಭೇಜೋ!"

ಐದೇ ನಿಮಿಷಕ್ಕೆ ಚಹಾ ಬಂತು. ಲೋಟದ ಮೇಲೆ ನಿಂತಿದ್ದ ಕೆನೆಯ ಮೇಲೆ ಒಂದು ಮೇಕೆ ಮಲಗಬಹುದಿತ್ತು. ಜೊತೆಗೆ ಬಿಸ್ಕತ್ತು, ಸಮೋಸಾ, ಈದ್‌ಗೆಂದು ತೆಗೆದಿಟ್ಟಿದ್ದ ಒಳ್ಳೆಯ ತಟ್ಟೆ. ಸುಗತ ಒಂದು ಗುಟುಕು ಕುಡಿದ. ಗಂಟಲಲ್ಲಿ ಅದು ಇಳಿಯಲು ತೆಗೆದುಕೊಂಡ ಹೊತ್ತಿನಲ್ಲಿ ಮೆಟ್ರೋ ವೈಟ್‌ಫೀಲ್ಡಿಗೆ ಹೋಗಿ ವಾಪಸ್ ಬರಬಹುದಿತ್ತು.

ತಟ್ಟೆ ತಂದವನು ರಿಜ್ವಾನ್. ಗಡ್ಡ ಬೆಳೆದಿತ್ತು. ಸುಗತನನ್ನು ನೋಡಿದವನೇ ತಂದೆಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದ.

"ಅಬ್ಬಾಗೆ ಏನೂ ಹೇಳ್ಬೇಡಿ ಸರ್. ಪ್ಲೀಸ್."

ಇಬ್ಬರೂ ಅಂಗಡಿಯ ಹಿಂಭಾಗದ ಎರಡು ಸ್ಟೂಲುಗಳ ಮೇಲೆ, ಗ್ಯಾಸ್ಕೆಟ್ಟಿನ ಗೊಂಚಲುಗಳ ಕೆಳಗೆ ಕುಳಿತರು.

"ಶುಕ್ರವಾರ ಒಂದು ಗಂಟೆ ಏಳು ನಿಮಿಷಕ್ಕೆ ಎಲ್ಲಿದ್ದೆ ರಿಜ್ವಾನ್?"

"ಸೋಮವಾರ ನೀವೇ ಹೇಳಿದ್ರಲ್ಲ ಸರ್. ಇಷ್ಟು ದಪ್ಪ ಅಕ್ಷರದಲ್ಲಿ ಸ್ಲೈಡ್ ಹಾಕಿ ತೋರಿಸಿದ್ರಿ. 'ಯಾರನ್ನೂ ದೂರುವ ಸಭೆ ಅಲ್ಲ ಇದು' ಅಂತ ಶುರು ಮಾಡಿದ್ರಿ."

ಸುಗತನ ಕಿವಿ ಬಿಸಿಯಾಯಿತು. ಗೋಡೆಯಲ್ಲಿ ಕನ್ನಡಿ ಇರಲಿಲ್ಲ, ಪುಣ್ಯ.

"ಒಂದು ತಪ್ಪಾಗಿದೆ. ನನ್ನಿಂದ."

ಅವನು ಜೇಬಿನಿಂದ ಮಡಚಿದ ಹಾಳೆ ತೆಗೆದ. ಸೋಮವಾರ ಅವನು ನೋಡಿದ್ದು ಗಂಟೆ ಮತ್ತು ನಿಮಿಷ ಮಾತ್ರ. ಆ ಸಾಲಿನ ತುದಿಯಲ್ಲಿ ಒಂದು ಹೆಸರು ಸಿಕ್ಕಿತ್ತು. ಹೆಸರು ಸಿಕ್ಕಿದ ಮೇಲೆ ಸೆಕೆಂಡು ಯಾರಿಗೆ ಬೇಕು? ಇವತ್ತು ಬೆಳಿಗ್ಗೆ ಕೇಸಿನ ಕಡತ ಮುಚ್ಚುವ ಮುನ್ನ ಒಮ್ಮೆ ಕಣ್ಣಾಡಿಸಿದಾಗ ಸೆಕೆಂಡುಗಳು ಕಂಡವು. ಅಲಾರಂ: ಒಂದು ಏಳು ಹದಿನಾಲ್ಕು. ಅಕ್: ಒಂದು ಎಂಟು ಹದಿನಾಲ್ಕು.

"ಸರಿಯಾಗಿ ಅರವತ್ತು ಸೆಕೆಂಡ್. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಮನುಷ್ಯನ ಬೆರಳಿಗೆ ಇಷ್ಟು ಶಿಸ್ತು ಇರುತ್ತಾ?"

ರಿಜ್ವಾನ್ ಹಾಳೆ ನೋಡಿದ.

ಉತ್ತರ ಬಂದದ್ದು ಗಲ್ಲಾದಿಂದ. ಪಾಷಾ ಸಾಹೇಬರ ಕಿವಿ ಎಷ್ಟು ಚುರುಕೆಂದರೆ ಫ್ರೇಜರ್ ಟೌನಿನಲ್ಲಿ ಕುಕ್ಕರ್ ಸೋರಿದರೆ ಅವರಿಗೆ ಇಲ್ಲಿ ಗೊತ್ತಾಗುತ್ತಿತ್ತು.

"ಶುಕ್ರವಾರ ಒಂದು ಗಂಟೆಗಾ? ನನ್ನ ಪಕ್ಕದಲ್ಲೇ ಇದ್ದ ಸಾರ್, ಮಸೀದೀಲಿ. ಮೂರನೇ ಸಾಲು, ಫ್ಯಾನ್ ಕೆಳಗೆ. ಖುತ್ಬಾ ಪ್ರವಚನ ನಡೀತಿತ್ತು."

"ಫೋನು?"

"ಅವನ ಫೋನ್ ಇದೇ ಗಲ್ಲಾದಲ್ಲಿ. ನಾನೇ ಇಸ್ಕೊಂಡು ಬೀಗ ಹಾಕ್ತೀನಿ, ನಮಾಜ್ ಮಧ್ಯ ಒದರಬಾರದು ಅಂತ. ಆಫೀಸ್ ಫೋನಂತೂ ಶುಕ್ರವಾರ ತರೋದೇ ಇಲ್ಲ. ಎರಡು ವರ್ಷ ಆಯ್ತು."

ಸುಗತ ನಿಧಾನವಾಗಿ ರಿಜ್ವಾನ್‌ನ ಕಡೆ ತಿರುಗಿದ.

ಸರದಿಯಲ್ಲಿ ಹೆಸರಿರುವವನೇ ಡ್ಯೂಟಿ ಫೋನ್ ಹಿಡಿದಿರಬೇಕು. ಬದಲಾಯಿಸಿಕೊಂಡರೆ ಬರೆದು ತಿಳಿಸಬೇಕು. ಈ ನಿಯಮ ಬರೆದವನು ಸುಗತನೇ. ತಿಳಿಸಿದರೆ ಹತ್ತು ಪ್ರಶ್ನೆ ಕೇಳುವವನೂ ಅವನೇ.

"ಯಾರ ಹತ್ರ ಇತ್ತು ಫೋನು?" ಪಾಷಾ ಸಾಹೇಬರು ಮತ್ತೆ ಕುಕ್ಕರಿನ ಕಡೆ ಬಗ್ಗಿದ ಮೇಲೆ ಸುಗತ ಪಿಸುಗುಟ್ಟಿದ.

"ಹೇಳಲ್ಲ ಸರ್."

"ನಿನ್ನ ಕೆಲಸ ಹೋಗುತ್ತೆ."

"ಎರಡು ವರ್ಷ ಪ್ರತಿ ಶುಕ್ರವಾರ ಅವನು ನನ್ನ ಫೋನ್ ಹಿಡ್ಕೊಂಡಿದಾನೆ. ಗೌರಿ ಹಬ್ಬ, ಯುಗಾದಿ ಬಂದ್ರೆ ಅವನದ್ದು ನಾನು ಹಿಡ್ಕೊತೀನಿ. ಬರೆದಿಲ್ಲ, ಕೇಳಿಲ್ಲ, ನಮ್ಮಿಬ್ಬರ ಮಧ್ಯೆ ನಡ್ಕೊಂಡು ಬಂದಿದ್ದು." ರಿಜ್ವಾನ್ ಮುಖ ಎತ್ತಿದ. "ಒಂದು ಶುಕ್ರವಾರಕ್ಕೆ ನಾನು ಅವನನ್ನ ಹಿಡ್ಕೊಡ್ಲಾ?"

ಸುಗತನಿಗೆ ತಟ್ಟನೆ ಹೊಳೆಯಿತು. ಆನಂದ್. ಶುಕ್ರವಾರ ಮಧ್ಯಾಹ್ನ ಆಫೀಸಿನಲ್ಲಿ ಜೊತೆ ಇಂಜಿನಿಯರ್ ಆನಂದ್‌ನ ಮೇಜಿನ ಮೇಲೆ ಎರಡು ಫೋನು ಇರುತ್ತಿದ್ದವು. ನೂರು ಶುಕ್ರವಾರ, ಈ ಜಗತ್ಪ್ರಸಿದ್ಧ ಪತ್ತೇದಾರ ಆ ಎರಡು ಫೋನುಗಳ ಪಕ್ಕದಲ್ಲೇ ಮೊಸರನ್ನ ತಿಂದಿದ್ದ. ಶೋಕಿಗೆ ಎರಡು ಇಟ್ಟುಕೊಂಡಿದ್ದಾನೆ ಅಂದುಕೊಂಡಿದ್ದ.

"ಅವನು ಬೇಕಂತ ಮಾಡಿರಲ್ಲ ಸರ್," ರಿಜ್ವಾನ್ ಮೆಲ್ಲಗೆ ಅಂದ. "ಊಟ ಮಾಡ್ತಾ ಕೈ ತಗಲಿರುತ್ತೆ. ಅವತ್ತಿಂದ ನನ್ನ ಮುಖ ನೋಡಕ್ಕೂ ಆಗ್ತಿಲ್ಲ ಅವನಿಗೆ. ಫೋನ್ ಎತ್ತಲ್ಲ."

"ಕೈ ತಗಲಿ ಸರಿಯಾಗಿ ಅರವತ್ತಕ್ಕೆ ಬೀಳಲ್ಲ. ಅವನೂ ಮಾಡಿಲ್ಲ."

"ಹಾಗಾದ್ರೆ ಯಾರು?"

ಸುಗತ ಬಾಯಿ ತೆರೆದ. ಅಷ್ಟರಲ್ಲಿ ಗಲ್ಲಾದ ಬಳಿ ಪಾಷಾ ಸಾಹೇಬರು ಕಿರುಚಿದರು.

"ಯಾ ಅಲ್ಲಾ! ಅಮ್ಮಾ, ಏನಿದು ಸೀಟಿ ಬಾಯಲ್ಲಿ? ಬಟ್ಟೆ!"

ಬಾಲಮ್ಮ ಇದ್ದಕ್ಕಿದ್ದಂತೆ ಎರಡು ಅಡಿ ಕುಗ್ಗಿದಳು. "ಅದಾ... ಮಗೂಗೆ ಜ್ವರ ಬಂದಿತ್ತು ಭಾಯ್. ಸದ್ದಿಗೆ ಬೆಚ್ಚುತ್ತೆ ಅಂತ ಒಂದು ಚಿಂದಿ ತುರುಕಿದ್ದೆ. ಒಂದು ವಾರಕ್ಕೆ ಅಂತ. ಆಮೇಲೆ ಮರ್ತೇ ಹೋಯ್ತು. ಇನ್ನೊಂದು ಕುಕ್ಕರ್ ತಗೊಂಡೆ, ಅದು ಕೂಗ್ತೈತೆ, ಈ ಹಳೇ ಸೀಟೀನ ಅದಕ್ಕೆ ಹಾಕಾಣ ಅಂತ ತಂದೆ..."

"ಬಾಂಬ್ ಇಟ್ಕೊಂಡು ತಿರುಗ್ತಿದೀರಲ್ಲಮ್ಮಾ!"

ಒಂದು ವಾರಕ್ಕೆ ಅಂತ.

ಸುಗತನ ಕೈಯಲ್ಲಿದ್ದ ಚಹಾ ಲೋಟ ನಿಂತಲ್ಲೇ ನಿಂತಿತು. ಅವನ ಬೆನ್ನ ಮೇಲೆ ಯಾರೋ ಐಸ್‌ಕ್ಯಾಂಡಿ ಗಾಡಿಯನ್ನೇ ಮಗುಚಿದಂತಾಯಿತು.

ಮೂರು ವರ್ಷದ ಹಿಂದೆ. ಬೇಸಿಗೆ ರಜೆ. ಒಂದೇ ಒಂದು ಅಪಾರ್ಟ್‌ಮೆಂಟಿನ ಮಕ್ಕಳು ಲಿಫ್ಟ್ ಅಲಾರಂ ಒತ್ತಿ ಓಡಿಹೋಗುವುದನ್ನು ಆಟ ಮಾಡಿಕೊಂಡಿದ್ದರು. ದಿನಕ್ಕೆ ನಲವತ್ತು ಸಲ. ಡ್ಯೂಟಿ ಫೋನ್ ಆ ವಾರ ಸುಗತನ ಕೈಯಲ್ಲಿ. ಊಟಕ್ಕೆ ಕೂತರೆ ಕೂಗು, ಸ್ನಾನಕ್ಕೆ ಹೋದರೆ ಕೂಗು. ಆಗ ಅವನು ಒಂದು ಪುಟ್ಟ ಪ್ರೋಗ್ರಾಂ ಬರೆದ. ಆ ಕಟ್ಟಡದ ಅಲಾರಂ ಫೋನಿಗೆ ಬರಬಾರದು. ಸರದಿಯಲ್ಲಿ ಯಾರಿರುತ್ತಾರೋ ಅವರ ಹೆಸರಿನಲ್ಲಿ ತಾನೇ ಅಕ್ ಬೀಳಬೇಕು. ಅದಕ್ಕೆ 'ಜೋಗುಳ' ಎಂದು ಹೆಸರಿಟ್ಟಿದ್ದ. ಒಂದು ವಾರಕ್ಕೆ ಅಂತ.

ತಕ್ಷಣ ಅಕ್ ಬಿದ್ದರೆ ಯಂತ್ರದ ಕೆಲಸ ಎಂದು ಯಾರಾದರೂ ಪತ್ತೆ ಹಚ್ಚಬಹುದು. ಅದಕ್ಕೇ ಒಂದು ನಿಮಿಷ ಕಾಯಿಸಿದ್ದ. ಮನುಷ್ಯನ ಕೈ ಅನ್ನಿಸಲಿ ಎಂದು.

ಆ ಕಟ್ಟಡ ಯಾವುದಿತ್ತು? ಕೆ.ಆರ್. ಪುರದ ಕಡೆಯದು. ಹೆಸರಲ್ಲಿ 'ಹೈಟ್ಸ್' ಇತ್ತು. ಅರ್ಧ ಬೆಂಗಳೂರಿನ ಹೆಸರಲ್ಲಿ 'ಹೈಟ್ಸ್' ಇದೆ ಎಂದು ಅವನು ತನಗೇ ಹೇಳಿಕೊಂಡ.

"ಸರ್? ಮುಖ ಯಾಕೆ ಹಿಂಗಾಯ್ತು?"

"ಲ್ಯಾಪ್‌ಟಾಪ್ ಇಡಕ್ಕೆ ಜಾಗ ಬೇಕು."

ಗಲ್ಲಾದ ಮೇಲೆ ಪಾಷಾ ಸಾಹೇಬರು ಸೀಟಿಗಳ ಡಬ್ಬ ಸರಿಸಿ ಜಾಗ ಮಾಡಿಕೊಟ್ಟರು. ಸುಗತ ಹುಡುಕಿದ. ಹನ್ನೊಂದು ವರ್ಷದಲ್ಲಿ ಇಷ್ಟು ಬೇಗ ಯಾವ ಕಳ್ಳನನ್ನೂ ಅವನು ಹಿಡಿದಿರಲಿಲ್ಲ.

ಜೋಗುಳ. ಚಾಲನೆಯಲ್ಲಿದೆ. ಬರೆದವರು: ಸುಗತ. ಕಟ್ಟಡ: ಮುನಿಆಂಜನಪ್ಪ ಹೈಟ್ಸ್.

ಕೆಳಗೆ ಪಟ್ಟಿ. ಮೂರು ವರ್ಷದಲ್ಲಿ ಸಾವಿರದ ಇನ್ನೂರ ಆರು ಅಲಾರಂ. ಎಷ್ಟು ಮಕ್ಕಳಾಟ, ಎಷ್ಟು ನಿಜ? ಕೇಳುವವರಿರಲಿಲ್ಲ. ಪ್ರತಿಯೊಂದರ ಮುಂದೆಯೂ ಯಾವನೋ ಅಮಾಯಕ ಇಂಜಿನಿಯರನ ಹೆಸರು. ಎಲ್ಲಕ್ಕೂ ಅರವತ್ತು ಸೆಕೆಂಡು.

ಶುಕ್ರವಾರದ ಸಾಲಿನ ನಂತರ ಇನ್ನೂ ಐದು ಸಾಲುಗಳಿದ್ದವು. ಶನಿವಾರದಿಂದ ದಿನಕ್ಕೊಂದು, ಸರಿಯಾಗಿ ನಾಲ್ಕು ನಲವತ್ತಕ್ಕೆ. ಶನಿವಾರ, ಭಾನುವಾರ ಸರದಿಯಲ್ಲಿದ್ದ ನಾಜಿಶ್ ಹೆಸರಿನಲ್ಲಿ. ಸೋಮವಾರ, ಮಂಗಳವಾರ ಆನಂದ್.

ನಿನ್ನೆ, ಬುಧವಾರ: ಸುಗತ.

ನಿನ್ನೆ ನಾಲ್ಕು ನಲವತ್ತಕ್ಕೆ ಸುಗತ ಜೀವನ್ ಬಿಮಾ ನಗರದಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಅಗಲಿಸಿ ಮಲಗಿದ್ದ. ಡ್ಯೂಟಿ ಫೋನ್ ಅವನ ಜೇಬಿನಲ್ಲೇ ಇತ್ತು. ಅದು ಉಸಿರೂ ಬಿಟ್ಟಿರಲಿಲ್ಲ.

ಅವನ ಕಣ್ಣ ಮುಂದೆ ಅಕ್ಕಯಮ್ಮ ಬಂದು ನಿಂತರು. ಆ ಕಟ್ಟಡ ನಿಂತಿರುವುದು ಆಕೆಯ ಗಂಡ ಬದನೆ ಬೆಳೆಯುತ್ತಿದ್ದ ಹೊಲದ ಮೇಲೆ, ಹೆಸರೂ ಆತನದೇ. ಅವತ್ತು ಕರೆಂಟ್ ಹೋಗಿ ಜನರೇಟರ್ ಗುಡುಗುತ್ತಿದ್ದುದರಿಂದ ಗೇಟಿನಲ್ಲಿದ್ದ ಗಾರ್ಡ್ ಪೀರಪ್ಪನಿಗೆ ಆಕೆಯ ಕೂಗು ಕೇಳಿಸಲಿಲ್ಲ. ನಲವತ್ತೇಳು ನಿಮಿಷದ ನಂತರ ಬಾಗಿಲು ತೆರೆದಾಗ ಆಕೆ ಸೀರೆಯ ಒದ್ದೆ ನೆರಿಗೆಗೆ ಸೊಪ್ಪಿನ ಚೀಲ ಅಡ್ಡ ಹಿಡಿದು, ಗೋಡೆಗೆ ಮುಖ ಮಾಡಿ ನಿಂತಿದ್ದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಾಗಿತ್ತು. ಇದಕ್ಕೆ ಬಣ್ಣ ಹಚ್ಚಿ ನಗಿಸುವುದು ಯಾರಿಂದಲೂ ಆಗದು.

ಸುಗತನ ಸ್ವಂತ ಫೋನ್ ಅದುರಿತು. ಕಂಪನಿಯ ಮುಖ್ಯಸ್ಥೆ ಹಂಸ.

"ಸುಗತ, ಎಲ್ಲಿದೀರಾ? ಕಂಗ್ರಾಟ್ಸ್ ರೀ. ನೀವು ಗೆದ್ರಿ."

"ಏನು ಮೇಡಂ?"

"ರಿಜ್ವಾನ್ ಒಪ್ಕೊಂಡು ಮೇಲ್ ಹಾಕಿದಾನೆ, ನಾಲ್ಕೂ ಕಾಲಿಗೆ. 'ನಾನೇ ಅಕ್ ಮಾಡಿ ಮರೆತೆ, ಬೇರೆ ಯಾರಿಗೂ ಸಂಬಂಧ ಇಲ್ಲ' ಅಂತ. ನೀವು ಹೇಳಿದ ಒಂದೊಂದು ಮಾತೂ ನಿಜ. ಐದಕ್ಕೆ ಮುಂಚೆ ಆ ಪತ್ರದ ಮೇಲೆ ನಿಮ್ಮದೊಂದು ಡಿಜಿಟಲ್ ಸೈನ್ ಹಾಕ್ಬಿಡಿ. ಆಯ್ತಾ?"

ಸುಗತ ಎದುರಿಗೆ ನೋಡಿದ. ರಿಜ್ವಾನ್ ತಂದೆಯ ಪಕ್ಕ ನಿಂತು ಬಾಲಮ್ಮನ ಸೀಟಿಯಿಂದ ಚಿಂದಿ ಕೀಳುತ್ತಿದ್ದ. ಗುಂಡುಸೂಜಿ ಹಿಡಿದು, ಎಳೆ ಎಳೆಯಾಗಿ.

"ಸುಗತ? ಇದೀರಾ?"

"ಇದೀನಿ."

ಪರದೆಯ ಮೇಲೆ ಜೋಗುಳದ ಪಕ್ಕದಲ್ಲಿ ಒಂದು ಗುಂಡಿ. 'ಅಳಿಸು'. ಒಂದು ಸಲ ಒತ್ತಿದರೆ ಸಾಕು, ಬರೆದವನ ಹೆಸರೂ ಇಲ್ಲ, ಬರೆದದ್ದೂ ಇಲ್ಲ. ನಾಳೆಯಿಂದ ಆ ಲಿಫ್ಟು ಕೂಗಿದರೆ ಫೋನು ಕೂಗುತ್ತದೆ. ಎಲ್ಲ ಸರಿಹೋಗುತ್ತದೆ. ಹನ್ನೊಂದು ವರ್ಷ ಸೋಲದ ಸುಗತ ಸುಗತನಾಗಿಯೇ ಉಳಿಯುತ್ತಾನೆ. ರಿಜ್ವಾನ್ ಒಪ್ಪಿಕೊಂಡಾಗಿದೆಯಲ್ಲ.

ಅವನ ಬೆರಳು ಆ ಗುಂಡಿಯ ಮೇಲೆ ಹೋಗಿ ಕೂತಿತು. ತನ್ನ ಬೆರಳನ್ನು ಅವನು ಈ ಮೊದಲು ಇಷ್ಟು ಹೇಸಿಗೆಯಿಂದ ನೋಡಿರಲಿಲ್ಲ.

ಪಟ್ಟಿಯ ತುದಿಯಲ್ಲಿ ಹೊಸದೊಂದು ಸಾಲು ಹುಟ್ಟಿತು. ಕೆಂಪಗೆ.

ಮುನಿಆಂಜನಪ್ಪ ಹೈಟ್ಸ್. ನಾಲ್ಕು ನಲವತ್ತು.

ಜೇಬಿನಲ್ಲಿದ್ದ ಡ್ಯೂಟಿ ಫೋನ್ ತೆಪ್ಪಗಿತ್ತು.

"ಸರ್." ರಿಜ್ವಾನ್ ಯಾವಾಗ ಬಂದು ಬೆನ್ನ ಹಿಂದೆ ನಿಂತನೋ ತಿಳಿಯಲಿಲ್ಲ. ಅವನ ಕಣ್ಣು ಪರದೆಯ ಕೆಂಪು ಸಾಲಿನ ಮೇಲಿತ್ತು. "ಇವತ್ತು ಡ್ಯೂಟಿ ನಿಮ್ದಲ್ವಾ? ನಿಮ್ಮ ಫೋನ್ ಯಾಕೆ ಕೂಗ್ತಿಲ್ಲ?"

ಹದಿನೈದು ಸೆಕೆಂಡು.

"ಪೀರಪ್ಪಂಗೆ ಫೋನ್ ಮಾಡು!" ಸುಗತ ಕೂಗಿದ ಕೂಗಿಗೆ ಆಗಷ್ಟೇ ವಾಪಸ್ ಬಂದು ಕೂತಿದ್ದ ಪಾರಿವಾಳಗಳು ಮತ್ತೆ ಎದ್ದವು. "ಬೇಗ! ಲಿಫ್ಟಲ್ಲಿ ಯಾರೋ ಇದಾರೆ!"

ರಿಜ್ವಾನ್ ಕೇಳುತ್ತ ನಿಲ್ಲಲಿಲ್ಲ. ಆ ನಂಬರು ಅವನಿಗೆ ಬಾಯಿಪಾಠವಿತ್ತು. ಸ್ಪೀಕರ್ ಹಾಕಿದ.

"ಸುಗತ, ಏನ್ರೀ ಅದು ಗಲಾಟೆ?" ಸುಗತ ಗಲ್ಲಾದ ಮೇಲೆ ಬಿಸಾಡಿದ್ದ ಸ್ವಂತ ಫೋನಿನಿಂದ ಹಂಸ.

ನಲವತ್ತು ಸೆಕೆಂಡು. ರಿಂಗಾಗುತ್ತಿತ್ತು. ಐವತ್ತು. ಅರವತ್ತು.

ಕೆಂಪು ಸಾಲು ಹಸಿರಾಯಿತು. ಪಕ್ಕದಲ್ಲಿ ಹೆಸರು ಬಿತ್ತು: ಸುಗತ.

ರಿಜ್ವಾನ್ ಅದನ್ನು ಓದಿದ. ಸುಗತನ ಎರಡೂ ಕೈ ಖಾಲಿ ಗಾಳಿಯಲ್ಲಿದ್ದವು, ಅದನ್ನೂ ನೋಡಿದ. ಆಮೇಲೆ ಪರದೆಯ ಮೇಲ್ಭಾಗಕ್ಕೆ ಹೋಯಿತು ಅವನ ಕಣ್ಣು. 'ಬರೆದವರು' ಎಂಬಲ್ಲಿಗೆ.

"ಹಲೋ, ಯಾರು?" ಪೀರಪ್ಪನ ದನಿ.

"ಪೀರಪ್ಪಾ, ಲಿಫ್ಟಲ್ಲಿ ಯಾರು ಸಿಕ್ಕಾಕೊಂಡಿರೋದು? ಓಡು, ನೋಡು!" ಸುಗತ ಬಾಗಿ ಕಿರುಚಿದ.

"ಯಾರೂ ಇಲ್ಲ ಸಾರ್. ಲಿಫ್ಟು ಇಲ್ಲೇ ಕೆಳಗೆ ನಿಂತೈತೆ, ಬಾಗ್ಲು ತಕ್ಕೊಂಡು."

"ಮತ್ತೆ ಅಲಾರಂ ಒತ್ತಿದ್ದು?"

"ಅಕ್ಕಯಮ್ಮನೋರು." ಪೀರಪ್ಪ ದನಿ ಇಳಿಸಿದ. "ದಿನಾ ಇದೇ ಟೈಮಿಗೆ ಬರ್ತಾರೆ ಸಾರ್. ಗುಂಡಿ ಒತ್ತಿ, ಕುರ್ಚಿ ಹಾಕ್ಕೊಂಡು ಲಿಫ್ಟ್ ಮುಂದೆ ಕುಂತ್ಕೊತಾರೆ. ಯಾರಾದ್ರೂ ಫೋನ್ ಮಾಡ್ತಾರೇನೋ ಅಂತ. ನಲವತ್ತೇಳು ನಿಮಿಷ ಕುಂತು, ಎದ್ದು ಹೋಯ್ತಾರೆ. ಇವತ್ತೇ ಮೊದಲು ಫೋನ್ ಬಂದಿದ್ದು. ತಡೀರಿ... ಅಮ್ಮ, ಕಿತ್ಕೋಬೇಡಿ..."

ಫೋನಿನಲ್ಲಿ ಗರಗರ ಸದ್ದು. ಆಮೇಲೆ ಒಂದು ಮುದಿ ದನಿ, ಗದ್ದೆಯ ಈ ಬದುವಿನಿಂದ ಆ ಬದುವಿಗೆ ಮಾತಾಡಿ ರೂಢಿಯಾದದ್ದು.

"ಯಾವನಪ್ಪಾ ನೀನು? ಆರು ದಿನದಿಂದ ಒತ್ತುತಾ ಇವ್ನಿ. ಅವತ್ತು ಎಲ್ಲೋಗಿದ್ದೆ? ನಿನ್ನ ಹೆಸರು ಹೇಳು. ನಂಗೆ ಹೆಸರು ಬೇಕು."

ಬಾಲಮ್ಮ ಸೀಟಿ ಎದೆಗವಚಿಕೊಂಡಿದ್ದಳು. ಪಾಷಾ ಸಾಹೇಬರು ಕನ್ನಡಕ ಕೆಳಗಿಳಿಸಿ ಮೊದಲು ಮಗನನ್ನು, ಆಮೇಲೆ ಮಗನ ಸಾಹೇಬರನ್ನು ನೋಡಿದರು.

"ಸುಗತ, ಸೈನ್ ಹಾಕ್ತೀರೋ ಇಲ್ವೋ? ಟೈಮ್ ಆಗ್ತಿದೆ," ಹಂಸ ಕೇಳಿದಳು.

"ಹೆಸರು ಹೇಳಯ್ಯಾ!" ಅಕ್ಕಯಮ್ಮ ಗದರಿದರು.

ರಿಜ್ವಾನ್ ಪರದೆಯಿಂದ ಕಣ್ಣು ಕಿತ್ತ. ಸುಗತನ ಮುಖವನ್ನೊಮ್ಮೆ, ಅವನು ಅರ್ಧ ಕುಡಿದಿಟ್ಟ ಕೆನೆ ಚಹಾವನ್ನೊಮ್ಮೆ ನೋಡಿದ. ಆಮೇಲೆ ಫೋನನ್ನು ಬಾಯಿಗೆ ಹತ್ತಿರ ತಂದುಕೊಂಡ.

"ಅಜ್ಜೀ, ನಾನು ರಿಜ್..."

ಸುಗತನ ಒಂದು ಕೈ ಮತ್ತೆ ಲ್ಯಾಪ್‌ಟಾಪಿನ 'ಅಳಿಸು' ಗುಂಡಿಯ ಪಕ್ಕಕ್ಕೆ ಬಂದಿತ್ತು. ಇನ್ನೊಂದು ಕೈ ಆ ಫೋನಿನ ಕಡೆ ಚಾಚಿತು. ಯಾವುದು ಮೊದಲು ತಲುಪುತ್ತದೆ ಎಂಬುದು ಆ ಗಳಿಗೆಯಲ್ಲಿ ಅವನಿಗೂ ಗೊತ್ತಿರಲಿಲ್ಲ.